ಮೈಷುಗರ್: ಕಬ್ಬಿಗಿಂತ ಮುಂಚೆ ನಂಬಿಕೆ

ಕಂಪನಿ ಕಲ್ಚರ್ ಅಂದ್ರೆ ನಮ್ಮಂಥವರಿಗೆ ನೆನಪಾಗೋದು ಟೌನ್‌ಹಾಲ್ ಮೀಟಿಂಗು, ಗೋಡೆ ಮೇಲಿನ ಪೋಸ್ಟರು. ಮಂಡ್ಯದ ರೈತ ಅದನ್ನ ಬೇರೆ ಥರ ಅಳೀತಾನೆ: ತೂಕ ಸರಿಯಿದೆಯಾ, ದುಡ್ಡು ಯಾವಾಗ ಬರುತ್ತೆ? ಈ ಎರಡು ಪ್ರಶ್ನೆಯ ಹಿಂದೆ ತೊಂಬತ್ತು ವರ್ಷದ ಇತಿಹಾಸ ಇದೆ.

1930ರ ದಶಕದ ಆರಂಭದವರೆಗೆ ಮಂಡ್ಯ, ಮದ್ದೂರು, ಮಳವಳ್ಳಿ ಅಂದ್ರೆ ಬಹುಪಾಲು ಮಳೆ ನಂಬಿದ ರಾಗಿ ಸೀಮೆ. ಕನ್ನಂಬಾಡಿ ಕಟ್ಟೆಯ ನೀರು ಇರ್ವಿನ್ ನಾಲೆಯಲ್ಲಿ, ಅಂದ್ರೆ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಈ ಕಡೆ ಹರೀತು. ನೀರೇನೋ ಬಂತು, ಬೆಳೆದಿದ್ದನ್ನ ಕೊಳ್ಳೋರು ಯಾರು? 1932ರಲ್ಲಿ ಸಕ್ಕರೆ ಆಮದಿನ ಮೇಲೆ ರಕ್ಷಣಾ ಸುಂಕ ಬಂದಿದ್ದರಿಂದ ದೇಶದಲ್ಲೇ ಕಾರ್ಖಾನೆ ಹಾಕೋದು ಲಾಭದ ಮಾತಾಯ್ತು. ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲದಲ್ಲಿ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಇದರ ಹಿಂದಿದ್ದವರು ಲೆಸ್ಲಿ ಕೋಲ್ಮನ್. 1908ರಲ್ಲಿ ಕೆನಡಾದಿಂದ ಬಂದು, ಮಲೆನಾಡಿನ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ದಾರಿ ತೋರಿಸಿದ ವಿಜ್ಞಾನಿ.

ಸಕ್ಕರೆ ಕಾರ್ಖಾನೆಯ ಕಷ್ಟ ಯಂತ್ರದ ಹೊರಗಿದೆ. ಕಡಿದ ಕಬ್ಬು ಒಣಗಿದಷ್ಟೂ ಸಕ್ಕರೆ ಕಮ್ಮಿ. ಹಂಗಾಗಿ ಹಂಗಾಮು ಪೂರ್ತಿ, ದಿನಾ ಹೊಸದಾಗಿ ಕಡಿದ ಕಬ್ಬು ಸರದಿ ಪ್ರಕಾರ ಬರಬೇಕು. ಅದನ್ನ ತರೋರು ಕಂಪನಿಯ ನೌಕರರಲ್ಲ, ಒಂದೆರಡು ಎಕರೆಯ ಸಣ್ಣ ರೈತರು. ಬೇಸರವಾದ್ರೆ ಪಕ್ಕದ ಆಲೆಮನೆಗೆ ಗಾಡಿ ತಿರುಗಿಸ್ತಾರೆ. ಅವರ ಮೇಲೆ ಹುಕುಂ ನಡೆಯಲ್ಲ.

ಆದ್ದರಿಂದ ಕಂಪನಿ ರೈತರ ಜೊತೆ ಒಪ್ಪಂದ ಮಾಡ್ಕೊಂತು, ಗೊಬ್ಬರ ಸಾಲವಾಗಿ ಕೊಡ್ತು, ಗದ್ದೆಗೇ ಬಂದು ನೋಡೋ ಸಿಬ್ಬಂದಿ ಇಟ್ಟಿತು. ಸಾಲ ಕಬ್ಬಿನ ಬಿಲ್ಲಿನಲ್ಲಿ ಮುರಿದುಕೊಳ್ಳೋದು. ರೈತರು ಷೇರುದಾರರೂ ಆದರು. ಈ ಕಾರ್ಖಾನೆಯ ಅರ್ಧ ಕೆಲಸ ಗದ್ದೆ ಬದುವಿನ ಮೇಲೇ ನಡೀತಿತ್ತು.

ಈ ಬದಲಾವಣೆಯನ್ನ ಹತ್ತಿರದಿಂದ ನೋಡಿದವರು ಸ್ಕಾರ್ಲೆಟ್ ಎಪ್‌ಸ್ಟೈನ್. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ್ದ ಈಕೆ 1950ರ ದಶಕದಲ್ಲಿ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಪುಸ್ತಕ ಬಂದಿದ್ದು 1962ರಲ್ಲಿ. ನೀರು ಸಿಕ್ಕ ಹಳ್ಳಿಯಲ್ಲಿ ದುಡ್ಡು ಬಂತು, ಆದ್ರೆ ಜಮೀನ್ದಾರ ಒಕ್ಕಲು ಮತ್ತು ದಲಿತ ಕೂಲಿಗಾರರ ನಡುವಿನ ಹಳೇ ಸಂಬಂಧ ಹಂಗೇ ಉಳೀತು. ನೀರು ಸಿಗದ ಹಳ್ಳಿಯವರು ಮಂಡ್ಯ ಪೇಟೆಗೆ ಕೆಲಸ, ವ್ಯಾಪಾರ ಹುಡುಕ್ಕೊಂಡು ಹೋದರು. ಅಲ್ಲೇ ಬದಲಾವಣೆ ಜಾಸ್ತಿ. ಅಂದ್ರೆ ಕಂಪನಿ ಬೆಳೆಸಿದ ನಂಬಿಕೆ ಜಮೀನಿದ್ದವನ ಹತ್ರ ನಿಂತಿತು. ಕಬ್ಬು ಕಡಿದವನ ತನಕ ಹೋಗಲಿಲ್ಲ. ‘ಜನಪರ ನಾಯಕತ್ವ’ ಅಂತ ಹೊಗಳೋ ಮುಂಚೆ ಆ ‘ಜನ’ ಅನ್ನೋ ಪಟ್ಟಿಯಲ್ಲಿ ಯಾರ್ಯಾರಿದ್ದಾರೆ ಅಂತ ನೋಡ್ಬೇಕು.

ಆಮೇಲಿನ ಕಥೆ ಗೊತ್ತಿರೋದೇ. ಯಂತ್ರ ಹಳತಾಯ್ತು, ನಷ್ಟ ಬೆಳೀತು, ಬಾಕಿ ಉಳೀತು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದ್ರೆ ವರ್ಷಕ್ಕೆ 15% ಬಡ್ಡಿ. ಕೊಪ್ಪದಲ್ಲಿ, ಕೆ.ಎಂ. ದೊಡ್ಡಿಯಲ್ಲಿ ಖಾಸಗಿ ಕಾರ್ಖಾನೆಗಳಿವೆ. ಒಂದು ಕಡೆ ಬಿಲ್ಲು ತಡವಾದ್ರೆ ಕಬ್ಬು ಇನ್ನೊಂದು ಕಡೆ ಹೋಗುತ್ತೆ, ಕಬ್ಬು ಕಮ್ಮಿಯಾದ್ರೆ ನಷ್ಟ ಇನ್ನೂ ಜಾಸ್ತಿ. ಮೈಷುಗರ್ ಕೆಲವು ವರ್ಷ ನಿಂತೇ ಹೋಯ್ತು.

ಖಾಸಗಿಗೆ ಕೊಡೋ ಮಾತು ಬಂದಾಗ ಬೀದಿಗಿಳಿದವರಲ್ಲಿ ಬಾಕಿಗಾಗಿ ಅಲೆದಿದ್ದ ರೈತರೂ ಇದ್ದರು. 2022ರಲ್ಲಿ ಸರ್ಕಾರವೇ ಮತ್ತೆ ಕಬ್ಬು ಅರೆಯೋಕೆ ಶುರು ಮಾಡಿತು. ಬೈದುಕೊಂಡೇ ‘ನಮ್ಮ ಫ್ಯಾಕ್ಟ್ರಿ’ ಅನ್ನೋ ಜನ ಸುಮ್ಮನೆ ಸಿಗಲ್ಲ. ಅದು 1930ರ ದಶಕದಲ್ಲಿ ಗದ್ದೆ ಬದುವಿನ ಮೇಲೆ ಹಾಕಿದ ಬಂಡವಾಳ. ಅದನ್ನ ಉಳಿಸ್ಕೊಳ್ಳೋಕೆ ಭಾಷಣ ಬೇಕಿಲ್ಲ. ಹದಿನಾಲ್ಕನೇ ದಿನ ಹಣ ಖಾತೆಗೆ ಬಂದ್ರೆ ಸಾಕು, ಕಡಿಯೋನ ಕೂಲಿಯೂ ಸೇರಿ.