ಸ್ಪರ್ಶರಹಿತ ಬೆರಳಚ್ಚು ಸ್ಕ್ಯಾನರ್: ರಚನೆ, ಕಾರ್ಯವಿಧಾನ ಮತ್ತು ಇತಿಮಿತಿ

(ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಬೆರಳಚ್ಚಿನಿಂದ ವ್ಯಕ್ತಿಯ ಗುರುತನ್ನು ದೃಢೀಕರಿಸುವ ಪದ್ಧತಿ ಭಾರತದಲ್ಲಿ ಹಳೆಯದು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿಯು ಕರಾರು ಪತ್ರವೊಂದರ ಮೇಲೆ ಗುತ್ತಿಗೆದಾರನ ಅಂಗೈ ಅಚ್ಚನ್ನು ಪಡೆದರು. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ವಿಭಾಗವು ಸ್ಥಾಪನೆಯಾಯಿತು. ಕರ್ನಾಟಕದ ಭೂಮಿ ಯೋಜನೆಯಲ್ಲಿ ಪಹಣಿಯ ದತ್ತಾಂಶವನ್ನು ನಿರ್ವಹಿಸುವ ಸಿಬ್ಬಂದಿಯನ್ನು ಬೆರಳಚ್ಚಿನಿಂದ ಗುರುತಿಸುವ ವ್ಯವಸ್ಥೆಯನ್ನು ಅಳವಡಿಸಲಾಯಿತು. ಆಧಾರ್ ಜಾರಿಗೆ ಬಂದ ನಂತರ ನ್ಯಾಯಬೆಲೆ ಅಂಗಡಿಯಿಂದ ಬ್ಯಾಂಕಿನವರೆಗೆ ಬೆರಳಚ್ಚಿನ ಬಳಕೆ ವ್ಯಾಪಕವಾಗಿದೆ.

ಆದರೆ ಅಡಿಕೆ ಸುಲಿಯುವವರು, ಗಾರೆ ಕೆಲಸದವರು, ತೋಟದ ಕಾರ್ಮಿಕರು ಹಾಗೂ ವಯೋವೃದ್ಧರ ಬೆರಳಚ್ಚು ಹಲವು ಬಾರಿ ಯಂತ್ರದಲ್ಲಿ ಮೂಡುವುದಿಲ್ಲ. ಗಾಜನ್ನು ಮುಟ್ಟದೆಯೇ ಬೆರಳಿನ ಚಿತ್ರವನ್ನು ತೆಗೆಯುವ ಸ್ಪರ್ಶರಹಿತ ಸ್ಕ್ಯಾನರ್ ಈ ತೊಂದರೆಗಳ ಪೈಕಿ ಯಾವುದನ್ನು ನಿವಾರಿಸುತ್ತದೆ, ಯಾವುದನ್ನು ನಿವಾರಿಸುವುದಿಲ್ಲ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಸ್ಪರ್ಶ ಸ್ಕ್ಯಾನರ್‌ನ ಕಾರ್ಯವಿಧಾನ

ಸಾಮಾನ್ಯವಾಗಿ ಬಳಕೆಯಲ್ಲಿರುವ ದೃಕ್ ಸ್ಕ್ಯಾನರ್‌ನಲ್ಲಿ ಬೆರಳನ್ನು ಗಾಜಿನ ಪಟ್ಟಕದ ಮೇಲೆ ಇರಿಸಲಾಗುತ್ತದೆ. ಒಳಗಿನಿಂದ ಬಂದ ಬೆಳಕು ಸುಮಾರು 42 ಡಿಗ್ರಿಗಿಂತ ಹೆಚ್ಚಿನ ಕೋನದಲ್ಲಿ ಗಾಜಿನ ಮೇಲ್ಮೈಗೆ ತಾಗಿದಾಗ, ಆಚೆಗೆ ಗಾಳಿ ಇದ್ದಲ್ಲಿ, ಪೂರ್ಣವಾಗಿ ಒಳಕ್ಕೇ ಪ್ರತಿಫಲಿಸುತ್ತದೆ. ಬೆರಳಿನ ಉಬ್ಬುಗೆರೆಗಳು ಗಾಜಿಗೆ ಅಂಟಿಕೊಂಡ ಕಡೆ ಈ ಪ್ರತಿಫಲನವು ತಪ್ಪಿ ಕಪ್ಪು ಗೆರೆ ಮೂಡುತ್ತದೆ. ಗೆರೆಗಳ ನಡುವಿನ ತಗ್ಗು ಬೆಳ್ಳಗೆ ಕಾಣುತ್ತದೆ.

ಚರ್ಮ ಒಣಗಿದ್ದರೆ ಗೆರೆಗಳು ಗಾಜಿಗೆ ಸರಿಯಾಗಿ ಅಂಟುವುದಿಲ್ಲ, ಗೆರೆಗಳು ತುಂಡುತುಂಡಾಗುತ್ತವೆ. ಬೆರಳು ತೀರಾ ಒದ್ದೆಯಾಗಿದ್ದರೆ ತಗ್ಗುಗಳಲ್ಲಿ ನೀರು ತುಂಬಿ ಚಿತ್ರವೆಲ್ಲ ಕಪ್ಪಾಗುತ್ತದೆ. ಹೆಚ್ಚು ಒತ್ತಿದರೆ ಚರ್ಮವು ಹಿಗ್ಗಿ ಗೆರೆಗಳ ಅಂತರವೇ ಬದಲಾಗುತ್ತದೆ.

2. ಸ್ಪರ್ಶರಹಿತ ಸ್ಕ್ಯಾನರ್‌ನ ದೃಕ್ ವಿನ್ಯಾಸ

ಸ್ಪರ್ಶರಹಿತ ಸ್ಕ್ಯಾನರ್ ಮೂಲತಃ ಒಂದು ಕ್ಯಾಮೆರಾ. ಗಾಜು ಮತ್ತು ಚರ್ಮದ ನಡುವೆ ಇದ್ದ ಕಷ್ಟವು ಇಲ್ಲಿ ಮಸೂರ ಮತ್ತು ಬೆಳಕಿಗೆ ವರ್ಗಾವಣೆಯಾಗುತ್ತದೆ.

(ಅ) ಸೂಕ್ಷ್ಮತೆ: ಬೆರಳಚ್ಚಿನ ರೂಢಿಯ ಮಾನದಂಡ ಒಂದು ಅಂಗುಲಕ್ಕೆ 500 ಬಿಂದುಗಳು, ಅಂದರೆ ಒಂದು ಬಿಂದುವಿಗೆ ಸುಮಾರು 0.05 ಮಿ.ಮೀ. ಒಂದು ಗೆರೆಯಿಂದ ಮುಂದಿನ ಗೆರೆಗೆ ಸುಮಾರು 0.5 ಮಿ.ಮೀ. ಅಂತರವಿದ್ದು, ಅದರೊಳಗೆ ಸುಮಾರು 10 ಬಿಂದುಗಳು ಬೀಳುತ್ತವೆ.

(ಆ) ಫೋಕಸ್: ಬೆರಳು ಚಪ್ಪಟೆಯಲ್ಲ. 16 ಮಿ.ಮೀ. ಅಗಲದ ಬೆರಳನ್ನು ದುಂಡನೆಯ ಕಂಬವೆಂದು ಭಾವಿಸಿದಲ್ಲಿ, ನಡುವಿನಿಂದ 6 ಮಿ.ಮೀ. ಪಕ್ಕದಲ್ಲಿ ಮೇಲ್ಮೈ ಸುಮಾರು 2.7 ಮಿ.ಮೀ. ಹಿಂದಕ್ಕೆ ಸರಿದಿರುತ್ತದೆ. ನಡುಭಾಗ ಮತ್ತು ಅಂಚು ಎರಡೂ ಸ್ಪಷ್ಟವಾಗಿ ಕಾಣಲು ಮಸೂರದ ರಂಧ್ರವನ್ನು ಕಿರಿದುಗೊಳಿಸಬೇಕಾಗುತ್ತದೆ. ಆದರೆ ರಂಧ್ರ ಕಿರಿದಾದಂತೆ ಬೆಳಕು ಕಡಿಮೆಯಾಗುತ್ತದೆ. ತೀರಾ ಕಿರಿದಾದರೆ ಬೆಳಕಿನ ವಿವರ್ತನೆಯಿಂದ ಗೆರೆಗಳೇ ಮಸುಕಾಗುತ್ತವೆ.

(ಇ) ಅಂತರ: ಕ್ಯಾಮೆರಾದಿಂದ 60 ಮಿ.ಮೀ. ದೂರದಲ್ಲಿರಬೇಕಾದ ಬೆರಳು 63 ಮಿ.ಮೀ. ದೂರಕ್ಕೆ ಸರಿದರೆ ಚಿತ್ರವು ಸುಮಾರು ಶೇ. 5ರಷ್ಟು ಚಿಕ್ಕದಾಗುತ್ತದೆ. ಯಂತ್ರವನ್ನು ಚಿಕ್ಕದು ಮಾಡಲು ಬೆರಳನ್ನು ಹತ್ತಿರ ತಂದಷ್ಟೂ ಈ ದೋಷ ಹೆಚ್ಚುತ್ತದೆ. ಆದ್ದರಿಂದ ಕೆಲವು ವಿನ್ಯಾಸಗಳಲ್ಲಿ ಕನ್ನಡಿಗಳಿಂದ ಬೆಳಕಿನ ದಾರಿಯನ್ನು ಮಡಚಿ, ದೂರವನ್ನು ಉಳಿಸಿಕೊಂಡೇ ಯಂತ್ರದ ಗಾತ್ರವನ್ನು ತಗ್ಗಿಸಲಾಗುತ್ತದೆ. ಬೆರಳಿಗೆ ಆಸರೆ ನೀಡುವುದು ಅಥವಾ ದೂರವನ್ನು ಅಳೆದು ಚಿತ್ರವನ್ನು ಸರಿಪಡಿಸುವುದು ಇತರ ಮಾರ್ಗಗಳು.

(ಈ) ಬೆಳಕು: ಕೆಂಪು ಬೆಳಕು ಚರ್ಮದೊಳಗೆ ಆಳಕ್ಕೆ ಇಳಿದು ಹರಡುವುದರಿಂದ ಗೆರೆಗಳು ಮಂಕಾಗುತ್ತವೆ. ನೀಲಿ ಹಾಗೂ ಹಸಿರು ಬೆಳಕು ಅಷ್ಟು ಆಳಕ್ಕೆ ಇಳಿಯದ ಕಾರಣ ಮೇಲ್ಮೈಯ ಗೆರೆಗಳು ಎದ್ದು ಕಾಣುತ್ತವೆ. ಬೆವರಿನ ಹೊಳಪನ್ನು ತಡೆಯಲು ಧ್ರುವೀಕರಣ ಶೋಧಕಗಳನ್ನು ಬಳಸಬಹುದಾಗಿದೆ.

(ಉ) ಚಲನೆ: ಸೆಕೆಂಡಿಗೆ 50 ಮಿ.ಮೀ. ವೇಗದಲ್ಲಿ ಅಲುಗುವ ಬೆರಳು ಒಂದು ಬಿಂದುವಿನಷ್ಟು ಸರಿಯಲು ಸೆಕೆಂಡಿನ ಸಾವಿರದ ಒಂದು ಭಾಗ ಸಾಕು. ಆದ್ದರಿಂದ ಕ್ಷಣಮಾತ್ರ ಮಿನುಗುವ ಪ್ರಖರ ಬೆಳಕಿನಲ್ಲಿ ಚಿತ್ರವನ್ನು ತೆಗೆಯಬೇಕಾಗುತ್ತದೆ.

3. ಹಳೆಯ ದಾಖಲೆಯೊಂದಿಗೆ ಹೋಲಿಕೆ

ಒತ್ತಿದ ಅಚ್ಚು ಬೆರಳಿನ ಎಡಬಲ ತಿರುಗಿದ ರೂಪವಾಗಿರುತ್ತದೆ. ಆದ ಕಾರಣ ಕ್ಯಾಮೆರಾ ಚಿತ್ರವನ್ನು ಎಡಬಲ ತಿರುಗಿಸಿ, ಗೆರೆಗಳನ್ನು ಕಪ್ಪಾಗಿಸಿ, ದುಂಡಗಿನ ಮೇಲ್ಮೈಯನ್ನು ಚಪ್ಪಟೆಯಾಗಿ ಹರಡಿದ ನಂತರವೇ ಹಳೆಯ ದಾಖಲೆಗೆ ಹೋಲಿಸಲು ಸಾಧ್ಯ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಂತೆ, ಸ್ಪರ್ಶರಹಿತ ಸಾಧನಗಳ ನಿಖರತೆ ಸ್ಪರ್ಶ ಸಾಧನಗಳಿಗಿಂತ ಕಡಿಮೆ ಇತ್ತು; ಒಂದಕ್ಕಿಂತ ಹೆಚ್ಚು ಬೆರಳುಗಳನ್ನು ಬಳಸಿದಾಗ ಫಲಿತಾಂಶ ಉತ್ತಮಗೊಂಡಿತು. ಭಾರತದಲ್ಲಿ ವಿಶಿಷ್ಟ ಗುರುತಿನ ಪ್ರಾಧಿಕಾರವು ಇಂತಹ ವ್ಯವಸ್ಥೆಯ ಅಭಿವೃದ್ಧಿಗಾಗಿ 2023ರಲ್ಲಿ ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡಿತು.

4. ಇತಿಮಿತಿ

ಬೆರಳು ಒಣಗಿರುವುದು, ಒದ್ದೆಯಾಗಿರುವುದು ಮತ್ತು ಒತ್ತಡದ ವ್ಯತ್ಯಾಸ, ಈ ಮೂರರಿಂದ ಆಗುವ ತೊಂದರೆಯನ್ನು ಸ್ಪರ್ಶರಹಿತ ವಿಧಾನವು ಬಹುಮಟ್ಟಿಗೆ ತಗ್ಗಿಸುತ್ತದೆ. ಆದರೆ ದುಡಿಮೆಯಿಂದ ಸವೆದುಹೋದ ಗೆರೆಯನ್ನು ಯಾವ ಮಸೂರವೂ ಮರಳಿ ತರಲಾರದು. ಬೆರಳಚ್ಚು ಹೊಂದಾಣಿಕೆಯಾಗಲಿಲ್ಲ ಎಂದರೆ ಚಿತ್ರವು ಹೊಂದಲಿಲ್ಲ ಎಂದಷ್ಟೇ ಅರ್ಥ. ವ್ಯಕ್ತಿಯು ಅರ್ಹನಲ್ಲ ಎಂದು ಅರ್ಥವಲ್ಲ.

5. ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

• ಬೆರಳುಗಳನ್ನು ತೊಳೆದು ಒರೆಸಿಕೊಳ್ಳುವುದು. ಸ್ಪರ್ಶ ಯಂತ್ರದಲ್ಲಿ ಒಣಗಿದ ಬೆರಳು ಮೂಡದಿದ್ದಲ್ಲಿ ಒದ್ದೆ ಬಟ್ಟೆಯಿಂದ ಲಘುವಾಗಿ ತೇವ ಮಾಡಿಕೊಳ್ಳಬಹುದು.

• ಸ್ಪರ್ಶರಹಿತ ಯಂತ್ರದ ಮುಂದೆ ಬೆರಳನ್ನು ಸೂಚಿಸಿದ ದೂರದಲ್ಲಿ ಅಲುಗಾಡಿಸದೆ ಹಿಡಿಯುವುದು. ಯಂತ್ರದ ಮೇಲೆ ನೇರ ಬಿಸಿಲು ಬೀಳದಂತೆ ನೋಡಿಕೊಳ್ಳುವುದು.

• ಮೆಹಂದಿ ಅಥವಾ ಅಡಿಕೆ ಚೊಗರಿನ ಕಲೆಯು ನೀಲಿ ಬೆಳಕನ್ನು ಹೀರುವುದರಿಂದ ಚಿತ್ರ ಮಂಕಾಗಬಹುದು. ಅಂತಹ ಸಂದರ್ಭದಲ್ಲಿ ಕಲೆಯಿಲ್ಲದ ಬೇರೆ ಬೆರಳನ್ನು ನೀಡಬಹುದು.

• ಬೆರಳಚ್ಚು ವಿಫಲವಾದಲ್ಲಿ, ಆ ಸೇವೆಯಲ್ಲಿ ಲಭ್ಯವಿರುವ ಕಣ್ಣಿನ ಪಾಪೆಯ ಸ್ಕ್ಯಾನ್, ಮುಖ ಚಹರೆ ಅಥವಾ ನೋಂದಾಯಿತ ಮೊಬೈಲ್‌ಗೆ ಬರುವ ಓಟಿಪಿ ಮೂಲಕ ದೃಢೀಕರಿಸುವಂತೆ ಕೋರಬಹುದು. ಓಟಿಪಿಯನ್ನು ದೂರವಾಣಿಯಲ್ಲಿ ಯಾರಿಗೂ ತಿಳಿಸಬಾರದು.

• ಬೆರಳಚ್ಚು ಹೊಂದಾಣಿಕೆಯಾಗದ ಕಾರಣಕ್ಕೆ ಅರ್ಹ ಫಲಾನುಭವಿಗೆ ಪಡಿತರ ಮೊದಲಾದ ಸೌಲಭ್ಯಗಳನ್ನು ನಿರಾಕರಿಸಬಾರದೆಂದು ಪ್ರಾಧಿಕಾರದ ದಿನಾಂಕ 24-10-2017ರ ಸುತ್ತೋಲೆಯು ತಿಳಿಸುತ್ತದೆ. ಇಂತಹ ಪ್ರಕರಣಗಳನ್ನು ವಿನಾಯಿತಿ ವಿಧಾನದಡಿ ದಾಖಲಿಸಿ ಸೌಲಭ್ಯ ನೀಡತಕ್ಕದ್ದು.