ಸೈಕಲ್ ಚಕ್ರದ ಬಿಗಿತ: ಸವಾರಿಗೆ ಮುಂಚಿನ ತಪಾಸಣೆ

ಚಕ್ರವನ್ನು ಫೋರ್ಕಿಗೂ ಫ್ರೇಮಿಗೂ ಹಿಡಿದಿಡುವ ನಟ್ಟು, ಲಿವರು, ಆಕ್ಸಲುಗಳು ಭದ್ರವಾಗಿವೆಯೇ ಎಂದು ಸೈಕಲ್ ಹತ್ತುವ ಮೊದಲು ನೋಡಿಕೊಳ್ಳುವ ಕ್ರಮ. ಮುಂದಿನ ಚಕ್ರ ಸಡಿಲವಾಗಿದ್ದರೂ ಬೇಗ ಸುಳಿವು ಸಿಗುವುದಿಲ್ಲ. ಸವಾರನ ಭಾರವೇ ಫೋರ್ಕನ್ನು ಆಕ್ಸಲಿನ ಮೇಲೆ ಒತ್ತಿ ಹಿಡಿಯುವುದರಿಂದ ಸಮತಟ್ಟಾದ ರಸ್ತೆಯಲ್ಲಿ ಗಾಡಿ ನೆಟ್ಟಗೇ ಓಡುತ್ತದೆ. ಹಂಪ್ ಹಾರಿ ಚಕ್ರ ನೆಲ ಬಿಟ್ಟಾಗಲೋ ಗಟ್ಟಿಯಾಗಿ ಬ್ರೇಕ್ ಹಿಡಿದಾಗಲೋ ಅದು ಕಳಚಿಕೊಳ್ಳಬಹುದು. ಡಿಸ್ಕ್ ಬ್ರೇಕಿನ ಸೈಕಲ್ಲಿಗೆ ಈ ಅಪಾಯ ಇನ್ನೂ ಹೆಚ್ಚು; ಡಿಸ್ಕನ್ನು ಒತ್ತಿ ಹಿಡಿಯುವ ಕ್ಯಾಲಿಪರ್ ಸಾಮಾನ್ಯವಾಗಿ ಫೋರ್ಕಿನ ಹಿಂಬದಿಯಲ್ಲಿರುವುದರಿಂದ ಬ್ರೇಕಿನ ಬಲ ಆಕ್ಸಲನ್ನು ಕೆಳಮುಖವಾಗಿ ತಳ್ಳುತ್ತದೆ.

ನಮ್ಮ ಊರುಗಳಲ್ಲಿ ಬಹುಕಾಲದಿಂದ ಓಡಾಡುವ ಸಾದಾ ಸೈಕಲ್ಲುಗಳ ಚಕ್ರಕ್ಕೆ ಎರಡೂ ಬದಿ ನಟ್ ಇರುತ್ತದೆ. ವಾಷರ್ ಫೋರ್ಕಿನ ಹೊರಗಿರಬೇಕು. ಎರಡೂ ನಟ್ಟುಗಳನ್ನು ಸರಿಯಾದ ಅಳತೆಯ ಸ್ಪ್ಯಾನರಿನಿಂದ ಸರದಿಯಂತೆ ಸ್ವಲ್ಪಸ್ವಲ್ಪವೇ ಬಿಗಿದರೆ ಚಕ್ರ ಓರೆಯಾಗದು. ಬೆರಳಿನ ಬಿಗಿತ ಸಾಲದು.

ಇಟಲಿಯ ರೇಸ್ ಸವಾರ ಟುಲಿಯೊ ಕಂಪಾನ್ಯೋಲೊ ರೂಪಿಸಿದ, ಸ್ಪ್ಯಾನರ್ ಬೇಡದ ಕ್ವಿಕ್ ರಿಲೀಸ್ ಈಗ ಗೇರ್ ಸೈಕಲ್ಲುಗಳಲ್ಲಿ ಸಾಮಾನ್ಯ. ಇದನ್ನು ಬಳಸುವವರು ಹೆಚ್ಚಾಗಿ ತಪ್ಪುವುದು ಒಂದೇ ಕಡೆ: ಲಿವರನ್ನು ನಟ್ಟಿನಂತೆ ಗಿರಗಿರ ತಿರುಗಿಸಿ ಬಿಟ್ಟುಬಿಡುತ್ತಾರೆ. ಲಿವರಿನ ಬುಡದಲ್ಲಿರುವುದು ಕ್ಯಾಮ್. ಮಡಚಿದಾಗ ಮಾತ್ರ ಅದು ಹಿಡಿತ ಕೊಡುತ್ತದೆ. ಎದುರು ಬದಿಯ ನಟ್ಟನ್ನು ಹೊಂದಿಸಿಕೊಳ್ಳಬೇಕು. ಲಿವರ್ ಆಕ್ಸಲಿನ ನೇರಕ್ಕೆ ಹೊರಚಾಚಿದಾಗಲೇ ಬಿಗಿ ಶುರುವಾಗಿ, ಪೂರ್ತಿ ಮಡಚುವಷ್ಟರಲ್ಲಿ ಅಂಗೈ ಮೇಲೆ ಅದರ ಅಚ್ಚು ಮೂಡಬೇಕು. ಸಲೀಸಾಗಿ ಮಡಚಿಕೊಂಡರೆ ತೆರೆದು ನಟ್ಟನ್ನು ಇನ್ನಷ್ಟು ತಿರುಗಿಸಬೇಕು.

ಲಿವರ್ ತೆರೆದಾಗ ಡಿಸ್ಕಿಗೆ ತಗಲುತ್ತದೆಯೇ ಎಂಬುದನ್ನೂ ನೋಡಬೇಕು. ವಿಪರೀತ ತೆರೆದ ಲಿವರ್ ಡಿಸ್ಕಿಗೆ ಸಿಕ್ಕಿಕೊಂಡು ಮುಂಚಕ್ರ ಹಠಾತ್ತನೆ ನಿಲ್ಲುವ ಅಪಾಯವಿದ್ದುದರಿಂದ, 2015ರಲ್ಲಿ ಟ್ರೆಕ್ ಕಂಪನಿ ಅಮೆರಿಕದಲ್ಲಿ ಸುಮಾರು 9 ಲಕ್ಷ ಸೈಕಲ್ಲುಗಳಿಗೆ ರಿಕಾಲ್ ಘೋಷಿಸಿತು. ಹಬ್ಬಿನ ಮೂಲಕ ತೂರಿ ಫೋರ್ಕಿಗೇ ತಿರುಪಾಗಿ ಕೂರುವ ಥ್ರೂ ಆಕ್ಸಲ್ ಕ್ವಿಕ್ ರಿಲೀಸಿಗಿಂತ ನಂಬಿಕಸ್ಥ. ಸಾಮಾನ್ಯವಾಗಿ 12 ಅಥವಾ 15 ಮಿ.ಮೀ. ದಪ್ಪದ ಈ ಆಕ್ಸಲನ್ನು ಬಳಸುವವರೂ ಅದರ ಬಿಗಿತ ನೋಡಿಕೊಳ್ಳಲೇಬೇಕು.

ಕೊನೆಯ ಪರೀಕ್ಷೆಗೆ ಅರ್ಧ ನಿಮಿಷವೂ ಬೇಡ. ಹ್ಯಾಂಡಲ್ ಹಿಡಿದು ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಟೈರಿನ ನೆತ್ತಿಗೆ ಮುಷ್ಟಿಯಿಂದ ಗುದ್ದಬೇಕು, ಆಕ್ಸಲ್ ಕದಲಬಾರದು. ಪಂಕ್ಚರ್ ಹಾಕಿಸಿದ ಮೇಲೆ, ಸೈಕಲ್ಲನ್ನು ಬಸ್ಸಿನ ಮೇಲೋ ಕಾರಿನಲ್ಲೋ ಸಾಗಿಸಿದ ಮೇಲೆ, ಜನ ಓಡಾಡುವ ಕಡೆ ನಿಲ್ಲಿಸಿ ಬಂದ ಮೇಲೆ ಇದನ್ನು ಮರೆಯಬಾರದು. ಬಳಿಕ ರಿಮ್ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಬೇಕು. ಬಿಗಿತ ಸರಿಯಿದ್ದೂ ಚಕ್ರ ಲಟಲಟ ಎಂದರೆ ದೋಷ ಹೆಚ್ಚಾಗಿ ಹಬ್ಬಿನೊಳಗಿನ ಕೋನ್ ಅಥವಾ ಬೇರಿಂಗಿನದು. ಹೊರಗಿನ ನಟ್ಟನ್ನು ಎಷ್ಟು ತಿರುಗಿಸಿದರೂ ಅದು ಹೋಗದು.