ಕ್ರೋಶಾ ಹೆಣಿಗೆ

ಕ್ರೋಶಾ ಎಂಬುದು ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿಯಿಂದ ಹತ್ತಿ, ರೇಷ್ಮೆ ಅಥವಾ ಉಣ್ಣೆಯ ಎಳೆಯನ್ನು ಕುಣಿಕೆಗಳಾಗಿ ಎಳೆದು, ಒಂದರೊಳಗೊಂದನ್ನು ಕೋದು, ಬಟ್ಟೆ ಅಥವಾ ಜಾಲರಿಯನ್ನು ರೂಪಿಸುವ ಕೈಕೆಲಸ. ಕನ್ನಡದಲ್ಲಿ ಇದನ್ನು ಕ್ರೋಶ, ಕ್ರೋಶೆ ಎಂದೂ ಬರೆಯುವುದುಂಟು. ಮೇಜಿನ ಹಾಸು, ದಿಂಬಿನ ಗವಸು, ಬಾಗಿಲ ತೋರಣ ಮೊದಲಾದ ಮನೆಬಳಕೆಯ ವಸ್ತುಗಳನ್ನೂ ಶಾಲು, ಮಕ್ಕಳ ಟೊಪ್ಪಿ, ರವಿಕೆಯ ಅಂಚು, ಸೀರೆಯ ಕುಚ್ಚು ಮೊದಲಾದ ಉಡುಪಿನ ಭಾಗಗಳನ್ನೂ ಈ ವಿಧಾನದಿಂದ ತಯಾರಿಸಲಾಗುತ್ತದೆ. ನೇಯ್ಗೆಗೂ ಎರಡು ಕಡ್ಡಿಗಳ ಹೆಣಿಗೆಗೂ ಯಂತ್ರಗಳು ಬಂದು ಬಹುಕಾಲವಾಗಿದೆ. ಆದರೆ ಮಾರುಕಟ್ಟೆಗೆ ಬರುವ ನಿಜವಾದ ಕ್ರೋಶಾ ಇಂದಿಗೂ ಕೈಯಿಂದಲೇ ಆಗುತ್ತದೆ. ಆದುದರಿಂದ ಈ ಕಲೆಯ ಚರಿತ್ರೆಯು ಬಹುಮಟ್ಟಿಗೆ ಮನೆಯಲ್ಲಿ ಕುಳಿತು ದುಡಿದ ಹೆಂಗಸರ ಚರಿತ್ರೆಯೂ ಆಗಿದೆ.

ಹೆಸರು ಮತ್ತು ಸ್ವರೂಪ

ಕ್ರೋಶೆ ಎಂಬುದು ಫ್ರೆಂಚ್ ಭಾಷೆಯ ಪದ. ಅದರ ಅರ್ಥ ‘ಚಿಕ್ಕ ಕೊಕ್ಕೆ’. ಉಪಕರಣದ ಹೆಸರೇ ಕಲೆಗೂ ಬಂದಿದೆ.

ಕ್ರೋಶಾವನ್ನು ಅದಕ್ಕೆ ಹತ್ತಿರವಾದ ಇತರ ಕೈಕೆಲಸಗಳಿಂದ ಬೇರ್ಪಡಿಸಿ ತಿಳಿಯುವುದು ಅಗತ್ಯ. ಸ್ವೆಟರ್ ಹೆಣೆಯುವಾಗ ಒಂದು ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆ ತೆರೆದೇ ಇರುತ್ತವೆ. ಕಡ್ಡಿ ಜಾರಿದರೆ ಸಾಲೇ ಬಿಚ್ಚಿಕೊಳ್ಳಬಹುದು. ಸಾಮಾನ್ಯ ಕ್ರೋಶಾದಲ್ಲಿ ಒಂದು ಹೆಣಿಗೆ ಮುಗಿದಾಗ ಕೊಕ್ಕೆಯಲ್ಲಿ ಉಳಿಯುವುದು ಒಂದೇ ಕುಣಿಕೆ. ಕೆಲಸವನ್ನು ಯಾವ ಗಳಿಗೆಯಲ್ಲಾದರೂ ನಿಲ್ಲಿಸಿ, ಮತ್ತೆ ಎತ್ತಿಕೊಳ್ಳಬಹುದು. ಮನೆಗೆಲಸದ ನಡುವೆ ಸಿಗುವ ಬಿಡುವಿಗೆ ಇದು ಒಗ್ಗಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಉತ್ತರ ಕರ್ನಾಟಕದ ಕಸೂತಿಗೂ ಕ್ರೋಶಾಕ್ಕೂ ಮೂಲಭೂತ ವ್ಯತ್ಯಾಸವಿದೆ. ಕಸೂತಿಯು ಈಗಾಗಲೇ ನೇಯ್ದ ಬಟ್ಟೆಯ ಎಳೆಗಳನ್ನು ಎಣಿಸಿ ಸೂಜಿಯಿಂದ ಮಾಡುವ ಅಲಂಕರಣ. ಕ್ರೋಶಾದಲ್ಲಿ ಬಟ್ಟೆಯೇ ಎಳೆಯಿಂದ ಹುಟ್ಟುತ್ತದೆ.

ಇತಿಹಾಸ

ಕ್ರೋಶಾದ ಮೂಲದ ಬಗ್ಗೆ ಹಲವು ಊಹೆಗಳಿದ್ದರೂ, ಇಂದಿನ ರೂಪದಲ್ಲಿ ಅದು ಕಾಣಿಸಿಕೊಳ್ಳುವುದು 19ನೆಯ ಶತಮಾನದ ಯೂರೋಪಿನಲ್ಲಿ. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಕೊಕ್ಕೆಯಿಂದ ಸರಪಳಿ ಹೊಲಿಗೆ ಹಾಕುವ ಕಲೆ 18ನೆಯ ಶತಮಾನದಲ್ಲಿ ಪೂರ್ವದೇಶಗಳಿಂದ ಯೂರೋಪಿಗೆ ಹೋಯಿತು. ಭಾರತದ ಆರಿ ಕೆಲಸ ಇದೇ ಜಾತಿಯದು. ಬಟ್ಟೆಯನ್ನು ಕೈಬಿಟ್ಟು ಬರಿಯ ಎಳೆಯಿಂದಲೇ ಸರಪಳಿಯನ್ನು ಕಟ್ಟಿದಾಗ ಕ್ರೋಶಾ ಹುಟ್ಟಿತು ಎಂಬುದು ಒಂದು ಪ್ರಮುಖ ಅಭಿಪ್ರಾಯ. ಈ ಹೆಸರಿನಲ್ಲಿ ಮುದ್ರಿತವಾದ, ಈವರೆಗೆ ತಿಳಿದಿರುವ ಮೊದಲ ವಿವರಣೆಯು 1823ರಲ್ಲಿ ‘ಪೆನೆಲೋಪೆ’ ಎಂಬ ಡಚ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಐರ್ಲೆಂಡಿನಲ್ಲಿ ಕ್ರೋಶಾವು ಜೀವನೋಪಾಯವಾಯಿತು. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಆರಂಭವಾದ ಮಹಾಕ್ಷಾಮದಲ್ಲಿ ಸುಮಾರು 10 ಲಕ್ಷ ಜನರು ಸತ್ತರು. ಸುಮಾರು ಅಷ್ಟೇ ಜನರು ದೇಶ ಬಿಟ್ಟರು. ಆ ಕಾಲದಲ್ಲಿ ಕ್ರೈಸ್ತ ಸನ್ಯಾಸಿನಿಯರ ಮಠಗಳೂ ಕೆಲವು ಅನುಕೂಲಸ್ಥ ಮಹಿಳೆಯರೂ ಬಡ ಹೆಂಗಸರಿಗೆ ಈ ಕೆಲಸವನ್ನು ಕಲಿಸಿದರು. ಕ್ಲೋನ್ಸ್ ಎಂಬ ಊರಿನಲ್ಲಿ ಅಲ್ಲಿನ ಪಾದ್ರಿಯ ಪತ್ನಿ ಕಸಾಂಡ್ರಾ ಹ್ಯಾಂಡ್ 1847ರಲ್ಲಿ ಇದನ್ನು ಆರಂಭಿಸಿದರು. ವೆನಿಸ್ ನಗರದ ದುಬಾರಿ ಸೂಜಿ ಲೇಸಿನ ಮಾದರಿಗಳನ್ನು ಕೊಕ್ಕೆಯಿಂದ ಹೆಚ್ಚು ಬೇಗ ತಯಾರಿಸಬಹುದಾಗಿತ್ತು. ಗುಲಾಬಿ, ಎಲೆ, ಬಳ್ಳಿಗಳನ್ನು ಬಿಡಿಬಿಡಿಯಾಗಿ ಹೆಣೆದು, ಬಳಿಕ ನಡುವೆ ಜಾಲರಿ ತುಂಬಿ ಜೋಡಿಸುವ ಈ ಶೈಲಿ ‘ಐರಿಷ್ ಕ್ರೋಶಾ’ ಎಂದು ಪ್ರಸಿದ್ಧವಾಯಿತು. ಎಲಿನೋರ್ ರೀಗೊ ದ ಲಾ ಬ್ರಾಂಷಾರ್ಡಿಯೇರ್ ಎಂಬ ಲೇಖಕಿ 1840ರ ದಶಕದಿಂದ ಪ್ರಕಟಿಸಿದ ಮಾದರಿ ಪುಸ್ತಕಗಳು ಕಲೆಯನ್ನು ಮಧ್ಯಮವರ್ಗದ ಮನೆಗಳಿಗೂ ತಲುಪಿಸಿದವು.

ಉಪಕರಣ ಮತ್ತು ಎಳೆ

ಕಡ್ಡಿಯ ಅಳತೆಯನ್ನು ಅದರ ದಪ್ಪದಿಂದ ಮಿಲಿಮೀಟರುಗಳಲ್ಲಿ ಹೇಳುತ್ತಾರೆ. ತೆಳುವಾದ ನೂಲಿಗೆ 0.6ರಿಂದ 2 ಮಿ.ಮೀ. ವರೆಗಿನ ಉಕ್ಕಿನ ಕಡ್ಡಿಗಳೂ, ಉಣ್ಣೆ ಮತ್ತು ದಪ್ಪ ಹತ್ತಿಗೆ ಅದಕ್ಕಿಂತ ದೊಡ್ಡದಾದ ಅಲ್ಯೂಮಿನಿಯಂ, ಪ್ಲಾಸ್ಟಿಕ್, ಬಿದಿರು ಅಥವಾ ಮರದ ಕಡ್ಡಿಗಳೂ ಬಳಕೆಯಲ್ಲಿವೆ. ಲೇಸು, ತೋರಣ, ಮೇಜುಹಾಸುಗಳಿಗೆ ಹುರಿಗಟ್ಟಿದ ಹತ್ತಿಯ ನೂಲು. ಶಾಲು, ಟೊಪ್ಪಿಗಳಿಗೆ ಉಣ್ಣೆ ಅಥವಾ ಅಕ್ರಿಲಿಕ್. ಸೀರೆಯ ಕುಚ್ಚಿಗೆ ರೇಷ್ಮೆ ಅಥವಾ ಕೃತಕ ರೇಷ್ಮೆಯ ದಾರ ಸೂಕ್ತ. ಎಳೆ ಒಂದೇ ಆಗಿದ್ದರೂ ಕಡ್ಡಿ ದಪ್ಪವಾದಂತೆ ಹೆಣಿಗೆ ಸಡಿಲವಾಗುತ್ತದೆ. ಮೈಗೆ ತೊಡುವ ವಸ್ತುಗಳನ್ನು ಆರಂಭಿಸುವ ಮುನ್ನ ಸುಮಾರು 10 ಸೆಂ.ಮೀ. ಚದರದ ತುಂಡೊಂದನ್ನು ಹೆಣೆದು, ಅದರಲ್ಲಿ ಎಷ್ಟು ಹೆಣಿಗೆ, ಎಷ್ಟು ಸಾಲು ಬಂದಿವೆಯೆಂದು ಎಣಿಸಿಕೊಳ್ಳುವುದು ವಾಡಿಕೆ. ಇಲ್ಲದಿದ್ದರೆ ಮಾದರಿಯ ಲೆಕ್ಕ ಸರಿಯಿದ್ದರೂ ಉಡುಪಿನ ಅಳತೆ ತಪ್ಪುತ್ತದೆ.

ಮೂಲ ಹೆಣಿಗೆಗಳು

ಎಷ್ಟೇ ಜಟಿಲವಾದ ಕ್ರೋಶಾವೂ ಕೆಲವೇ ಮೂಲ ಹೆಣಿಗೆಗಳಿಂದ ಆಗಿರುತ್ತದೆ.

- ಸರಪಳಿ: ಕೊಕ್ಕೆಯಲ್ಲಿರುವ ಕುಣಿಕೆಯ ಮೂಲಕ ಎಳೆಯನ್ನು ಒಮ್ಮೆ ಎಳೆದರೆ ಒಂದು ಸರಪಳಿ. ಸಾಮಾನ್ಯವಾಗಿ ಕೆಲಸದ ಬುನಾದಿ ಇದೇ.
- ಜಾರು ಹೆಣಿಗೆ: ಎತ್ತರವಿಲ್ಲದ ಹೆಣಿಗೆ. ಸುತ್ತನ್ನು ಕೂಡಿಸಲು, ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯಲು ಬಳಕೆಯಾಗುತ್ತದೆ.
- ಗಿಡ್ಡ ಹೆಣಿಗೆ: ಒತ್ತಾದ, ಗಟ್ಟಿಯಾದ ಬಟ್ಟೆಯನ್ನು ಕೊಡುತ್ತದೆ. ಚೀಲ, ಬೊಂಬೆಗಳಿಗೆ ಉಚಿತ.
- ಕಂಬ: ಎಳೆಯನ್ನು ಮೊದಲು ಕಡ್ಡಿಗೆ ಒಮ್ಮೆ ಸುತ್ತಿ ಮಾಡುವ ಎತ್ತರದ ಹೆಣಿಗೆ. ಎರಡು ಬಾರಿ ಸುತ್ತಿದರೆ ಇನ್ನೂ ಎತ್ತರದ ಕಂಬವಾಗುತ್ತದೆ. ಗಿಡ್ಡ ಹೆಣಿಗೆಗೂ ಕಂಬಕ್ಕೂ ನಡುವಿನದು ಅರ್ಧ ಕಂಬ.

ಹೊಸ ಸಾಲಿಗೆ ತಿರುಗುವಾಗ ಹೆಣಿಗೆಯ ಎತ್ತರಕ್ಕೆ ತಕ್ಕಷ್ಟು ಸರಪಳಿಗಳನ್ನು ಹಾಕಬೇಕು: ಗಿಡ್ಡ ಹೆಣಿಗೆಗೆ 1, ಅರ್ಧ ಕಂಬಕ್ಕೆ 2, ಕಂಬಕ್ಕೆ 3. ಇಂಗ್ಲಿಷ್ ಮಾದರಿಗಳನ್ನು ಅನುಸರಿಸುವವರು ಒಂದು ಎಚ್ಚರ ವಹಿಸಬೇಕು. ಅಮೆರಿಕನ್ನರು ‘ಸಿಂಗಲ್ ಕ್ರೋಶೆ’ ಎನ್ನುವ ಗಿಡ್ಡ ಹೆಣಿಗೆಯನ್ನೇ ಬ್ರಿಟಿಷರು ‘ಡಬಲ್ ಕ್ರೋಶೆ’ ಎನ್ನುತ್ತಾರೆ. ಮಾದರಿ ಯಾವ ದೇಶದ್ದೆಂದು ನೋಡದೆ ಹೆಣೆದರೆ ವಸ್ತುವಿನ ಎತ್ತರವೇ ಬದಲಾಗುತ್ತದೆ.

ವೃತ್ತಾಕಾರದ ಹಾಸಿಗೆ ಸರಳವಾದ ಲೆಕ್ಕವೊಂದಿದೆ. ಗಿಡ್ಡ ಹೆಣಿಗೆಯಲ್ಲಾದರೆ 6ರಿಂದ ಆರಂಭಿಸಿ ಪ್ರತಿ ಸುತ್ತಿಗೂ 6 ಹೆಚ್ಚಿಸಬೇಕು: 6, 12, 18, 24. ಕಂಬದಲ್ಲಾದರೆ 12, 24, 36. ಹೀಗೆ ಮಾಡಿದರೆ ಹಾಸು ಸಮತಟ್ಟಾಗಿ ಬೆಳೆಯುತ್ತದೆ. ಹೆಚ್ಚಿಸುವುದನ್ನು ಕಡಿಮೆ ಮಾಡಿದರೆ ಅದು ಬಟ್ಟಲಿನಂತೆ ಬಾಗುತ್ತದೆ. ಟೊಪ್ಪಿಯ ರಚನೆ ಇದನ್ನೇ ಅವಲಂಬಿಸಿದೆ. ಅತಿಯಾಗಿ ಹೆಚ್ಚಿಸಿದರೆ ಅಂಚು ಅಲೆಅಲೆಯಾಗಿ ಸುಕ್ಕುಗಟ್ಟುತ್ತದೆ.

ಮನೆಬಳಕೆಯ ವಸ್ತುಗಳು

ಚೌಕುಳಿಗಳಲ್ಲಿ ಕೆಲವನ್ನು ಖಾಲಿ ಬಿಟ್ಟು, ಕೆಲವನ್ನು ಕಂಬಗಳಿಂದ ತುಂಬಿ ಚಿತ್ರ ಮೂಡಿಸುವ ವಿಧಾನವನ್ನು ‘ಫಿಲೆ’ ಎನ್ನುತ್ತಾರೆ. ಕಿಟಕಿಯ ಪರದೆ, ಮೇಜುಹಾಸು, ತೋರಣಗಳಲ್ಲಿ ನವಿಲು, ಹಂಸ, ಹೂಬುಟ್ಟಿಗಳು ಈ ರೀತಿಯಲ್ಲಿ ಬರುತ್ತವೆ. ಗ್ರಾಫ್ ಹಾಳೆಯ ಮೇಲೆ ಬರೆದ ಯಾವುದೇ ಚಿತ್ರವನ್ನು ಹೀಗೆ ಹೆಣೆಯಬಹುದು. ಚಿಕ್ಕ ಚೌಕಗಳನ್ನು ಬೇರೆಬೇರೆ ಬಣ್ಣಗಳಲ್ಲಿ ಹೆಣೆದು, ಬಳಿಕ ಜೋಡಿಸಿ ಹೊದಿಕೆ ಮಾಡುವ ಕ್ರಮದಲ್ಲಿ ಉಳಿದ ಎಳೆಯ ತುಣುಕುಗಳೂ ವ್ಯರ್ಥವಾಗುವುದಿಲ್ಲ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ತಲೆಗೆ ಹಚ್ಚಿದ ಮಕಾಸರ್ ಎಣ್ಣೆ ಕುರ್ಚಿಯ ಬೆನ್ನಿಗೆ ತಾಗದಂತೆ ಹಾಕುತ್ತಿದ್ದ ಹಾಸುಗಳೂ ಹೆಚ್ಚಾಗಿ ಕ್ರೋಶಾದವೇ. ಸೋಫಾದ ಬೆನ್ನಿಗೆ ಕ್ರೋಶಾ ತುಂಡು ಹೊದಿಸುವ ಪದ್ಧತಿಯಲ್ಲಿ ಅದರ ಜಾಡನ್ನು ಕಾಣಬಹುದು.

ಉಡುಪು ಮತ್ತು ಹೊಲಿಗೆ

ಉಡುಪಿನಲ್ಲಿ ಕ್ರೋಶಾವು ಹೊಲಿಗೆಯೊಡನೆ ಕೂಡಿಯೇ ಬರುತ್ತದೆ. ಕರವಸ್ತ್ರ, ಲಂಗ, ರವಿಕೆಯ ತೋಳುಗಳ ಅಂಚಿಗೆ ಲೇಸು ಕಟ್ಟುವಾಗ ಮೊದಲು ಬಟ್ಟೆಯ ಅಂಚನ್ನು ಮಡಿಚಿ ಹೊಲಿಯಬೇಕು. ಇಲ್ಲವಾದರೆ ಕೊಕ್ಕೆಯ ಎಳೆತಕ್ಕೆ ಬಟ್ಟೆಯ ನೂಲು ಬಿಡುತ್ತದೆ. ದಪ್ಪ ಬಟ್ಟೆಯಾದರೆ ಅಂಚಿಗೆ ಸೂಜಿಯಿಂದ ಸಮಾನ ದೂರದ ಹೊಲಿಗೆ ಹಾಕಿ, ಆ ಹೊಲಿಗೆಗಳಲ್ಲಿ ಕೊಕ್ಕೆ ತೂರಿಸುತ್ತಾರೆ. ಕೈಚೀಲಗಳಿಗೆ ಒಳಗೆ ಬಟ್ಟೆಯ ಅಸ್ತರಿ ಹೊಲಿದರೆ ಭಾರಕ್ಕೆ ಜೋಲುವುದಿಲ್ಲ. ಎಳೆಯ ಮಕ್ಕಳ ಉಡುಪಿಗೆ ದೊಡ್ಡ ರಂಧ್ರಗಳ ಜಾಲರಿಯೂ ಮಣಿಗಳೂ ತಕ್ಕವಲ್ಲ. ಬೆರಳು ಸಿಕ್ಕಿಕೊಳ್ಳುವ, ಮಣಿಯನ್ನು ನುಂಗುವ ಅಪಾಯವಿದೆ.

ಕರ್ನಾಟಕದಲ್ಲಿ ಈ ಕಲೆ ಇಂದು ಎದ್ದು ಕಾಣುವುದು ಸೀರೆಯ ಕುಚ್ಚಿನಲ್ಲಿ. ಸೆರಗಿನ ಕೊನೆಯಲ್ಲಿ ನೇಯ್ಗೆಯಿಂದ ಉಳಿದ ಎಳೆಗಳನ್ನು ಗೊಂಚಲಾಗಿಸಿ ಗಂಟು ಹಾಕುವುದು ಹಿಂದಿನ ಕ್ರಮ. ಕ್ರೋಶಾ ಕುಚ್ಚಿನಲ್ಲಿ ಸೆರಗಿನ ಅಂಚನ್ನು ಮಡಿಚಿ, ಹಲವು ಎಳೆಗಳನ್ನು ಸೇರಿಸಿದ ರೇಷ್ಮೆ ದಾರವನ್ನು ತೆಳು ಉಕ್ಕಿನ ಕಡ್ಡಿಯಿಂದ ಬಟ್ಟೆಯೊಳಗೆ ಎಳೆದು, ಸರಪಳಿಯ ಕಮಾನುಗಳನ್ನು ಕಟ್ಟಲಾಗುತ್ತದೆ. ನಡುನಡುವೆ ಮಣಿಗಳನ್ನು ಸೇರಿಸಿ, ಕೆಳಗೆ ಗೊಂಡೆಗಳನ್ನು ಇಳಿಬಿಡುತ್ತಾರೆ. ಸಾಲುಗಳ ಸಂಖ್ಯೆ, ಮಣಿಗಳ ಬಗೆ ಮತ್ತು ವಿನ್ಯಾಸಕ್ಕನುಗುಣವಾಗಿ ಕೂಲಿ ನಿರ್ಧಾರವಾಗುತ್ತದೆ. ಮನೆಯಲ್ಲಿಯೇ ಕುಳಿತು ಕುಚ್ಚು ಕಟ್ಟಿ ಸಂಪಾದಿಸುವ ಹೆಂಗಸರು ನಗರಗಳಲ್ಲಿಯೂ ಪಟ್ಟಣಗಳಲ್ಲಿಯೂ ಇದ್ದಾರೆ.

ನರಸಾಪುರದ ಲೇಸು ಮತ್ತು ಕೂಲಿಯ ಪ್ರಶ್ನೆ

ಭಾರತದಲ್ಲಿ ಕ್ರೋಶಾ ಉದ್ಯಮದ ಅತ್ಯಂತ ಪ್ರಸಿದ್ಧ ಕೇಂದ್ರ ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರ. 19ನೆಯ ಶತಮಾನದಲ್ಲಿ ಕ್ರೈಸ್ತ ಮಿಷನರಿಗಳು ಗೋದಾವರಿ ಮುಖಜಭೂಮಿಯ ಬಡ ಹೆಂಗಸರಿಗೆ ಕಲಿಸಿದ ಈ ಕೆಲಸ ಕ್ರಮೇಣ ಸುತ್ತಲಿನ ಹಳ್ಳಿಗಳಿಗೆ ಹಬ್ಬಿ, ವಿದೇಶಗಳಿಗೆ ರಫ್ತಾಗುವ ಸರಕಾಯಿತು. 2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು.

ಈ ಉದ್ಯಮವನ್ನು ಕುರಿತು ಜರ್ಮನ್ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಬರೆದ ‘ದ ಲೇಸ್ ಮೇಕರ್ಸ್ ಆಫ್ ನರಸಾಪುರ್’ 1982ರಲ್ಲಿ ಪ್ರಕಟವಾಯಿತು. ಜಗತ್ತಿನ ಮಾರುಕಟ್ಟೆಗಾಗಿ ದಿನವಿಡೀ ದುಡಿಯುತ್ತಿದ್ದ ಹೆಂಗಸರನ್ನು ಕಾರ್ಮಿಕರೆಂದು ಎಣಿಸದೆ, ಬಿಡುವಿನ ವೇಳೆಯಲ್ಲಿ ಕೈಯಾಡಿಸುವ ಗೃಹಿಣಿಯರೆಂದು ಕಾಣುತ್ತಿದ್ದುದೇ ಅವರ ಕೂಲಿ ತೀರ ಕಡಿಮೆಯಾಗಲು ಕಾರಣ ಎಂದು ಅವರು ವಾದಿಸಿದರು. ಹೆಂಗಸರು ಮನೆಯಲ್ಲಿ ಹೆಣೆದರೆ, ವ್ಯಾಪಾರವೂ ಲಾಭವೂ ಗಂಡಸರಾದ ದಲ್ಲಾಳಿ ಮತ್ತು ರಫ್ತುದಾರರ ಕೈಯಲ್ಲಿದ್ದವು. ಮನೆಯಲ್ಲಿ ನಡೆಯುವ ದುಡಿಮೆಯ ಅಧ್ಯಯನದಲ್ಲಿ ಈ ಕೃತಿ ಮುಖ್ಯವೆನಿಸಿದೆ.

ಕ್ರೋಶಾದ ಪ್ರತಿಯೊಂದು ಹೆಣಿಗೆಯಲ್ಲಿ ಕೊಕ್ಕೆಯನ್ನು ಬೇರೆಬೇರೆ ದಿಕ್ಕಿನಿಂದ, ಬೇರೆಬೇರೆ ಸಂದಿಗೆ ತೂರಿಸಬೇಕಾಗುವುದರಿಂದ ಅದನ್ನು ಯಂತ್ರಕ್ಕೆ ಒಗ್ಗಿಸುವುದು ಕಷ್ಟ. ಬಟ್ಟೆ ಉದ್ಯಮದಲ್ಲಿ ‘ಕ್ರೋಶೆ ಯಂತ್ರ’ ಎಂದು ಕರೆಯುವುದು ವಾಸ್ತವವಾಗಿ ಬೇರೊಂದು ಬಗೆಯ ಹೆಣಿಗೆಯ ಯಂತ್ರ. ಅದು ಕ್ರೋಶಾವನ್ನು ಹೋಲುವ ಪಟ್ಟಿಗಳನ್ನು ಕೊಡುತ್ತದೆ. ಆದ್ದರಿಂದ ಸಿದ್ಧ ಉಡುಪಿನ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ನಿಜವಾದ ಕ್ರೋಶಾ ರವಿಕೆ ಅಥವಾ ಚೀಲದ ಹಿಂದೆಯೂ ಒಬ್ಬರ ಹಲವು ಗಂಟೆಗಳ ಕೈದುಡಿಮೆ ಇರುತ್ತದೆ. ಬೆಲೆ ಎಷ್ಟು ಇಳಿದರೂ ಗಂಟೆಗಳು ಇಳಿಯುವುದಿಲ್ಲ. ಇಳಿಯುವುದು ಕೂಲಿ ಮಾತ್ರ.

ಗಣಿತದಲ್ಲಿ

ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ತೈಮಿನಾ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದಾಗ, 1997ರಲ್ಲಿ, ಯೂಕ್ಲಿಡೇತರ ಜ್ಯಾಮಿತಿಯ ಹೈಪರ್ಬಾಲಿಕ್ ಸಮತಲದ ಮಾದರಿಯನ್ನು ಕ್ರೋಶಾದಿಂದ ತಯಾರಿಸಿದರು. ಹೆಣಿಗೆಗಳನ್ನು ನಿಶ್ಚಿತ ಅನುಪಾತದಲ್ಲಿ ಹೆಚ್ಚಿಸುತ್ತ ಹೋದಾಗ ಉಂಟಾಗುವ ಸುಕ್ಕುಗಟ್ಟಿದ ಮೇಲ್ಮೈಯೇ ಆ ಮಾದರಿ. ವೃತ್ತದ ಹಾಸಿನಲ್ಲಿ ದೋಷವೆನಿಸುವುದು ಇಲ್ಲಿ ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ನೋಡಬಹುದಾದ ಪಾಠೋಪಕರಣವಾಯಿತು. ಇದರಿಂದ ಪ್ರೇರಿತರಾಗಿ ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ಟ್‌ಹೈಮ್ ಸೋದರಿಯರು 2005ರಲ್ಲಿ ಹವಳದ ದಿಬ್ಬಗಳನ್ನು ಕ್ರೋಶಾದಲ್ಲಿ ರೂಪಿಸುವ ಯೋಜನೆಯನ್ನು ಆರಂಭಿಸಿದರು.

ಆರೈಕೆ

ಕ್ರೋಶಾ ವಸ್ತುಗಳನ್ನು ತಣ್ಣೀರಿನಲ್ಲಿ ಮೃದುವಾದ ಸಾಬೂನಿನಿಂದ ಕೈಯಲ್ಲೇ ಒಗೆಯುವುದು ಒಳ್ಳೆಯದು. ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಬೇಕು. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದವಾಗುವುದರಿಂದ ಸಮತಟ್ಟಾದ ಜಾಗದಲ್ಲಿ ಹರಡಿ, ಆಕಾರಕ್ಕೆ ತಂದು ನೆರಳಿನಲ್ಲಿ ಒಣಗಿಸಬೇಕು. ಹತ್ತಿಯ ಲೇಸನ್ನು ತೆಳುವಾದ ಗಂಜಿಯಲ್ಲಿ ಅದ್ದಿ, ಅಂಚುಗಳಿಗೆ ಗುಂಡುಸೂಜಿ ಚುಚ್ಚಿ ಒಣಗಿಸಿದರೆ ವಿನ್ಯಾಸ ಸ್ಪಷ್ಟವಾಗಿ ನಿಲ್ಲುತ್ತದೆ. ಎಲ್ಲಿಯಾದರೂ ಎಳೆ ತುಂಡಾದರೆ ತಡಮಾಡದೆ ಅದೇ ದಪ್ಪದ ಎಳೆಯಿಂದ ಸೇರಿಸಿ ಭದ್ರಪಡಿಸಬೇಕು. ಬಿಟ್ಟರೆ ಸುತ್ತಲಿನ ಹೆಣಿಗೆಗಳೂ ಸಡಿಲಗೊಳ್ಳುತ್ತವೆ.